ಸುಟ್ಟ ಅಡಾಪ್ಟರ್, ನಕಲಿ ಐಸಿ: ದಂಡ ಕಟ್ಟುವವರು ನಾವೇ ಯಾಕೆ?

ಮೆಕ್ಕೆಜೋಳ ಮೊಣಕಾಲುದ್ದ ಬಂದಿತ್ತು. ಸುಳಿಯಲ್ಲಿ ಲದ್ದಿಹುಳು ಕೂತಿತ್ತು. ಈ ಹುಳುವಿಗೆ ಔಷಧಿ ಹೊಡೆಯೋದು ಸಂಜೆ ತಂಪಿನಲ್ಲೇ ಆಗಬೇಕು. ಔಷಧಿ ತಂದಾಗಿತ್ತು, ನೀರು ಕಲಸಿದ್ದಾಗಿತ್ತು. ಬ್ಯಾಟರಿ ಪಂಪ್ ಬೆನ್ನಿಗೇರಿಸಿ ಸ್ವಿಚ್ ಒತ್ತಿದರೆ ಸದ್ದೇ ಇಲ್ಲ. ರಾತ್ರಿಯೆಲ್ಲ ಚಾರ್ಜಿಗೆ ಹಾಕಿದ್ದರು, ಬೆಳಿಗ್ಗೆ ಹಸಿರು ದೀಪವೂ ಹತ್ತಿತ್ತು. ಬ್ಯಾಟರಿ ಮಾತ್ರ ಸತ್ತಿತ್ತು.

ಇದು ನಮ್ಮ ಬಳಗದ ಒಬ್ಬರ ಮನೆಯಲ್ಲೇ ನಡೆದದ್ದು. ಆ ಸಂಜೆಯ ಕೆಲಸ ಹೋಯಿತು. ಮಾರನೇ ದಿನ ಮಳೆ ಬಂತು, ಅದೂ ಹೋಯಿತು. ಮೂರನೇ ದಿನದ ಹೊತ್ತಿಗೆ ಹುಳು ಪಕ್ಕದ ಸಾಲಿಗೂ ಹೋಗಿತ್ತು. ಹೊಸ ಬ್ಯಾಟರಿಗೆ 800 ರೂಪಾಯಿ ಕೊಟ್ಟರು. ಇಷ್ಟಕ್ಕೆಲ್ಲ ಕಾರಣವಾದದ್ದು 130 ರೂಪಾಯಿಯ ಒಂದು ಅಡಾಪ್ಟರ್. ಹಳೆಯದು ಕೆಟ್ಟಿತ್ತು ಅಂತ ಜಾತ್ರೆಯಲ್ಲಿ ತಂದದ್ದು.

ಆ ಅಡಾಪ್ಟರನ್ನು ಚಿಗಟೇರಿಯ ಒಂದು ರಿಪೇರಿ ಅಂಗಡಿಗೆ ಒಯ್ದು, ಬಿಚ್ಚಿಸಿ ನೋಡಿದೆವು. ಅಲ್ಲಿ ಕಂಡದ್ದನ್ನೂ, ಅದರಿಂದ ನಮಗೆ ಅನಿಸಿದ್ದನ್ನೂ ಇಲ್ಲಿ ಬರೆಯುತ್ತಿದ್ದೇವೆ. ಮನೆಯಲ್ಲಿ ಮೊಬೈಲ್ ಚಾರ್ಜರ್, ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್, ವೈಫೈ ಡಬ್ಬಿಯ ಅಡಾಪ್ಟರ್, ಪಂಪಿನ ಚಾರ್ಜರ್ ಇರುವ ಎಲ್ಲರಿಗೂ ಈ ಮಾತು ಸಂಬಂಧಿಸಿದ್ದು.

ಡಬ್ಬಿಯೊಳಗೆ ಏನಿದೆ?

ಗೋಡೆಯ ಪ್ಲಗ್ಗಿನಲ್ಲಿ ಬರುವುದು 230 ವೋಲ್ಟ್ ಎಸಿ ಕರೆಂಟ್. ಅಡಾಪ್ಟರ್ ಮೊದಲು ಅದನ್ನು ಸುಮಾರು 325 ವೋಲ್ಟಿನ ಡಿಸಿ ಮಾಡಿಕೊಳ್ಳುತ್ತದೆ. ಆಮೇಲೆ ಒಂದು ಪುಟ್ಟ ಐಸಿ ಆ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಹಚ್ಚಿ ಆರಿಸುತ್ತದೆ. ಆ ಬಡಿತ ಬೆರಳ ತುದಿಯಷ್ಟು ಗಾತ್ರದ ಟ್ರಾನ್ಸ್‌ಫಾರ್ಮರ್ ದಾಟಿ ಆ ಕಡೆ 5 ವೋಲ್ಟೋ 12 ವೋಲ್ಟೋ ಆಗಿ ಬರುತ್ತದೆ. ಅಂದರೆ ಆ ಡಬ್ಬಿಯಲ್ಲಿ ಎರಡು ಊರುಗಳಿವೆ: ಒಂದು ಕಡೆ ಜೀವ ತೆಗೆಯುವ ಕರೆಂಟ್, ಇನ್ನೊಂದು ಕಡೆ ಮಗು ಮುಟ್ಟಿದರೂ ಏನೂ ಆಗದ ಕರೆಂಟ್. ನಡುವೆ ಇರುವುದು ಐದಾರು ಮಿಲಿಮೀಟರ್ ಖಾಲಿ ಜಾಗ, ಟ್ರಾನ್ಸ್‌ಫಾರ್ಮರಿನೊಳಗಿನ ಹಳದಿ ಟೇಪು, ಮತ್ತು ಸುರಕ್ಷತೆಗಂತಲೇ ಮಾಡಿದ ಒಂದು ನೀಲಿ ಕೆಪಾಸಿಟರ್.

ಐಸಿಯ ಕೆಲಸ ಬರೀ ಹಚ್ಚಿ ಆರಿಸುವುದಲ್ಲ. ಬಿಸಿ ಜಾಸ್ತಿಯಾದರೆ ತಾನೇ ನಿಲ್ಲಬೇಕು. ಆ ಕಡೆ ಶಾರ್ಟ್ ಆದರೆ ನಿಲ್ಲಬೇಕು. ಪಂಪಿನ ಚಾರ್ಜರಿನಲ್ಲಿ ಬ್ಯಾಟರಿ ತುಂಬಿದ ಮೇಲೆ ಕರೆಂಟ್ ತಗ್ಗಿಸುವ ವ್ಯವಸ್ಥೆ ಇರಬೇಕು. 12 ವೋಲ್ಟಿನ ಸೀಸದ ಬ್ಯಾಟರಿಯನ್ನು 14.5 ವೋಲ್ಟಿನ ಆಸುಪಾಸಿಗೆ ತಂದು ನಿಲ್ಲಿಸಬೇಕು. ಅದಕ್ಕಿಂತ ಮೇಲೆ ತಳ್ಳುತ್ತಲೇ ಇದ್ದರೆ ಒಳಗಿನ ನೀರು ಆವಿಯಾಗಿ ಬ್ಯಾಟರಿ ಉಬ್ಬಿ ಸಾಯುತ್ತದೆ. ನಮ್ಮ ಅಡಾಪ್ಟರಿನಲ್ಲಿ ಆದದ್ದು ಇದೇ. ಹಸಿರು ದೀಪ ಹತ್ತುತ್ತಿತ್ತು, ಕರೆಂಟ್ ಮಾತ್ರ ನಿಲ್ಲುತ್ತಿರಲಿಲ್ಲ.

ರಿಪೇರಿಯವರು ಹತ್ತಿಯನ್ನು ಅಸಿಟೋನಿನಲ್ಲಿ ಅದ್ದಿ ಐಸಿಯ ಬೆನ್ನು ಉಜ್ಜಿದರು. ಉಗುರಿನ ಬಣ್ಣ ತೆಗೆಯಲು ಹೆಣ್ಣುಮಕ್ಕಳು ಬಳಸುತ್ತಾರಲ್ಲ, ಅದರಲ್ಲಿರುವುದು ಇದೇ ದ್ರವ. ಮೇಲಿನ ಕಪ್ಪು ಬಣ್ಣ, ಅದರ ಮೇಲೆ ಅಚ್ಚಾಗಿದ್ದ ಹೆಸರು ಹತ್ತಿಗೆ ಬಂತು. ಕೆಳಗೆ ಉಜ್ಜಿ ಅಳಿಸಿದ ಗೀರುಗಳು ಕಂಡವು. ಯಾವುದೋ ಐಸಿಯ ಹೆಸರು ಕೆರೆದು, ಮೇಲೆ ಒಳ್ಳೆಯ ಹೆಸರು ಬರೆದು ಕೂರಿಸಿದ್ದರು.

ನಕಲಿ ಐಸಿ ಅಂದರೆ ಇಷ್ಟೇ ಅಲ್ಲ. ಗುಜರಿಗೆ ಬಿದ್ದ ಹಳೆಯ ಬೋರ್ಡಿನಿಂದ ಕಿತ್ತು, ಕಾಲು ತೊಳೆದು ಹೊಸದೆಂದು ಮಾರುವುದು ಒಂದು ಬಗೆ. ಕಾರ್ಖಾನೆಯ ಪರೀಕ್ಷೆಯಲ್ಲಿ ಫೇಲಾದದ್ದನ್ನು ಪಾಸಾಯಿತೆಂದು ಮಾರುವುದು ಇನ್ನೊಂದು. ಬೇರೆಯವರ ಐಸಿಯನ್ನು ನೋಡಿ ತಾವೇ ಒಂದು ಮಾಡಿ, ಅವರದೇ ಹೆಸರು ಅಚ್ಚು ಹಾಕುವುದು ಮತ್ತೊಂದು.

ದೊಡ್ಡವರೂ ಮೋಸ ಹೋಗಿದ್ದಾರೆ

'ಹಳ್ಳಿ ಜನ, ಏನು ಕೊಟ್ಟರೂ ತಗೋತಾರೆ' ಅನ್ನುವವರಿದ್ದಾರೆ. ಅವರಿಗೆ ಒಂದು ಮಾತು. ಅಮೆರಿಕದ ಸೆನೆಟ್ಟಿನ ರಕ್ಷಣಾ ಸಮಿತಿ 2012ರಲ್ಲಿ ಒಂದು ವರದಿ ಕೊಟ್ಟಿತು. ಅವರ ಸೈನ್ಯದ ಸರಕಿನಲ್ಲಿ ನಕಲಿ ಅನ್ನಿಸಿದ ಬಿಡಿಭಾಗಗಳ ಸುಮಾರು 1,800 ಪ್ರಕರಣ ಸಿಕ್ಕಿದ್ದವು. ಒಟ್ಟು ಭಾಗಗಳು ಹತ್ತು ಲಕ್ಷಕ್ಕೂ ಮೇಲೆ. ಸೈನ್ಯದ ವಿಮಾನಗಳಿಗೂ ಅವು ಹೋಗಿದ್ದವು. ಅಷ್ಟು ಎಂಜಿನಿಯರುಗಳು ಕಾವಲಿದ್ದ ಕಡೆಯೇ ನುಸುಳಿದ ಸರಕು, ಗೋಣಿಚೀಲ ಹಾಸಿ ಮಾರುವ ಜಾಗದಲ್ಲಿ ಬೆಳಕಿಗೆ ಹಿಡಿದು ನೋಡಿದರೆ ಗೊತ್ತಾಗುತ್ತದೆಯೇ?

ಚಾರ್ಜರುಗಳ ಮಾತಿಗೆ ಬಂದರೆ, 2016ರಲ್ಲಿ ಯುಎಲ್ ಎಂಬ ಸುರಕ್ಷತಾ ಪರೀಕ್ಷಾ ಸಂಸ್ಥೆ ಆಪಲ್ ಹೆಸರಿನ 400 ನಕಲಿ ಅಡಾಪ್ಟರುಗಳನ್ನು ಪರೀಕ್ಷೆ ಮಾಡಿತು. ಪಾಸಾದದ್ದು 3 ಮಾತ್ರ. 12 ಅಡಾಪ್ಟರುಗಳು ಮುಟ್ಟಿದವರ ಪ್ರಾಣಕ್ಕೇ ಅಪಾಯ ಅನ್ನುವ ಸ್ಥಿತಿಯಲ್ಲಿದ್ದವು. ಆದ್ದರಿಂದ ಅಗ್ಗದ್ದು ತಂದವರನ್ನು ಬೈಯುವುದು ನಮ್ಮ ಉದ್ದೇಶವಲ್ಲ. ಬೈಸಿಕೊಳ್ಳಬೇಕಾದವರು ಬೇರೆ ಇದ್ದಾರೆ.

ಮೇಲಿನವರ ಜಗಳ, ಕೆಳಗಿನವರಿಗೆ ಏಟು

ನಕಲಿಯನ್ನು ತಡೆಯುವುದು ಹೇಗೆ ಅನ್ನುವಾಗ ನಡೆದ ಒಂದು ಘಟನೆ ಹೇಳಲೇಬೇಕು. ತೂಕದ ಯಂತ್ರ, ಹಾಲಿನ ಫ್ಯಾಟ್ ನೋಡುವ ಯಂತ್ರ, ಹಳೆಯ ಬಿಲ್ ಪ್ರಿಂಟರ್ ಇಂಥವುಗಳ ಹಿಂದೆ ಒಂಬತ್ತು ಸೂಜಿಯ ಸಾಕೆಟ್ ಇರುತ್ತದೆ. ಅದನ್ನು ಈಗಿನ ಕಂಪ್ಯೂಟರಿಗೆ ಸೇರಿಸಲು ಒಂದು ಯುಎಸ್‌ಬಿ ಅಡಾಪ್ಟರ್ ವೈರ್ ಬೇಕು. ಅದರ ಒಳಗೂ ಒಂದು ಐಸಿ ಇರುತ್ತದೆ. ಸ್ಕಾಟ್ಲೆಂಡಿನ ಎಫ್‌ಟಿಡಿಐ ಕಂಪನಿಯ ಎಫ್‌ಟಿ232 ಅನ್ನುವ ಐಸಿ ಇದಕ್ಕೆ ಹೆಸರುವಾಸಿ. ಹೆಸರಿದ್ದ ಕಡೆ ನಕಲು ಇದ್ದದ್ದೇ. ಲೋಕದ ತುಂಬ ಅದರ ನಕಲು ಹರಡಿತು.

2014ರ ಅಕ್ಟೋಬರಿನಲ್ಲಿ ಆ ಕಂಪನಿಯ ಹೊಸ ಡ್ರೈವರ್ ವಿಂಡೋಸ್ ಅಪ್‌ಡೇಟಿನ ಜೊತೆ ಜನರ ಕಂಪ್ಯೂಟರಿಗೆ ಬಂತು. ವೈರಿನೊಳಗೆ ನಕಲಿ ಐಸಿ ಇದ್ದರೆ ಆ ಡ್ರೈವರ್ ಅದರ ಗುರುತಿನ ಸಂಖ್ಯೆಯನ್ನೇ ಸೊನ್ನೆ ಮಾಡಿಬಿಡುತ್ತಿತ್ತು. ಆಮೇಲೆ ಯಾವ ಕಂಪ್ಯೂಟರಿಗೆ ಹಾಕಿದರೂ ವೈರ್ ಗುರುತು ಸಿಗದು. ನಿನ್ನೆ ಚೆನ್ನಾಗಿದ್ದದ್ದು ಇವತ್ತು ಸತ್ತಿದೆ. ಬಳಸುವವನಿಗೆ ತನ್ನ ವೈರಿನಲ್ಲಿ ನಕಲಿ ಐಸಿ ಇದೆ ಅಂತಲೇ ಗೊತ್ತಿರಲಿಲ್ಲ. ದೊಡ್ಡ ಗಲಾಟೆಯಾಗಿ ಆ ಡ್ರೈವರನ್ನು ವಾಪಸ್ ತೆಗೆದುಕೊಂಡರು. 2016ರಲ್ಲಿ ಬಂದ ಇನ್ನೊಂದು ಡ್ರೈವರ್ ವೈರನ್ನು ಕೊಲ್ಲಲಿಲ್ಲ, ಆದರೆ ಹೋಗಬೇಕಾದ ಮಾಹಿತಿಯ ಜಾಗದಲ್ಲಿ 'ಇದು ಅಸಲಿ ಅಲ್ಲ' ಅನ್ನುವ ಅರ್ಥದ ಸಾಲನ್ನು ತುರುಕುತ್ತಿತ್ತು. ತೂಕದ ಅಂಕಿ ಬರಬೇಕಾದ ಕಡೆ ಅಂಥ ಸಾಲು ಬಂದರೆ ಏನು ಗತಿ?

ಕಂಪನಿಗೆ ನಷ್ಟವಾಗಿದ್ದು ನಿಜ. ಅವರ ದುಡಿಮೆಯನ್ನು ಕದ್ದವರಿಗೆ ಶಿಕ್ಷೆ ಆಗಲೇಬೇಕು. ಆದರೆ ಏಟು ಬಿದ್ದದ್ದು ನಕಲು ಮಾಡಿದವನಿಗೂ ಅಲ್ಲ, ತಂದು ಮಾರಿದವನಿಗೂ ಅಲ್ಲ. ಅವರಿಬ್ಬರೂ ದುಡ್ಡು ಎಣಿಸಿ ಆಗಿತ್ತು. ಏಟು ಬಿದ್ದದ್ದು ಸಾಲಿನ ಕೊನೆಗೆ ನಿಂತವನಿಗೆ. ಹಳ್ಳಿಯಲ್ಲಿ ಯಾವ ಸಾಲಿನಲ್ಲೂ ಕೊನೆಗೆ ನಿಲ್ಲುವವರು ನಾವೇ ಆದ್ದರಿಂದ ಈ ಕಥೆ ನಮಗೆ ಬೇಗ ಅರ್ಥವಾಗುತ್ತದೆ.

ಇದರಲ್ಲಿ ಇನ್ನೆರಡು ಸಂಗತಿಗಳಿವೆ. ಒಂದು: ಹಾಗೆ ಸತ್ತ ವೈರುಗಳನ್ನು ಜನ ಬದುಕಿಸಿಕೊಂಡರು. ಹಳೆಯ ಡ್ರೈವರ್ ಹಾಕಿ ಗುರುತಿನ ಸಂಖ್ಯೆ ವಾಪಸ್ ಬರೆದರೆ ವೈರ್ ಮೊದಲಿನಂತೆ ಕೆಲಸ ಮಾಡುತ್ತಿತ್ತು. ಎರಡು: ಅದೇ ಕೆಲಸ ಮಾಡುವ ಸಿಎಚ್340 ಅನ್ನುವ ಐಸಿ ಚೀನಾದಿಂದಲೇ ಬರುತ್ತದೆ. ತುಂಬ ಅಗ್ಗ. ಆದರೆ ಅದು ಬೇರೆಯವರ ಹೆಸರು ಹಾಕಿಕೊಂಡು ಬಂದದ್ದಲ್ಲ, ತನ್ನ ಹೆಸರಲ್ಲೇ ಬಂದದ್ದು. ತನ್ನದೇ ಡ್ರೈವರ್ ಇದೆ. ಅದನ್ನು ಯಾರೂ ನಕಲಿ ಅನ್ನುವುದಿಲ್ಲ.

ನಮ್ಮ ವಾದದ ತಿರುಳು ಇಲ್ಲಿದೆ. ಅಗ್ಗವಾಗಿರುವುದು ತಪ್ಪಲ್ಲ. ಸುಳ್ಳು ಹೇಳುವುದು ತಪ್ಪು.

ಯಾವುದನ್ನು ರಿಪೇರಿ ಮಾಡಬೇಕು, ಯಾವುದನ್ನು ಬಿಡಬೇಕು

ನಾವು ರಿಪೇರಿಯ ಪರ. ಮುರಿದದ್ದನ್ನು ಎಸೆಯುವ ಮನೆತನ ನಮ್ಮದಲ್ಲ. ಕುಂಟೆಗೆ ಕುಡ ಬದಲಿಸಿ, ಚಪ್ಪಲಿಗೆ ಉಂಗುಷ್ಠ ಹೊಲಿಸಿ ಬದುಕಿದವರು ನಾವು. ಆದರೂ ಎಲ್ಲ ಅಡಾಪ್ಟರನ್ನೂ ರಿಪೇರಿ ಮಾಡಿ ಅಂತ ಹೇಳಲಾರೆವು.

ಮೇಲೆ ಹೇಳಿದ ಯುಎಸ್‌ಬಿ ವೈರಿನಂಥದ್ದರಲ್ಲಿ ಓಡಾಡುವುದು 5 ವೋಲ್ಟ್. ಅಲ್ಲಿ ನಕಲಿ ಐಸಿ ಇದ್ದರೆ ಕೆಲಸ ನಿಲ್ಲಬಹುದು, ಜೀವಕ್ಕೆ ಅಪಾಯವಿಲ್ಲ. ಅಂಥದ್ದನ್ನು ಹೇಗಾದರೂ ಬದುಕಿಸಿಕೊಳ್ಳಿ. ಗೋಡೆಯ ಪ್ಲಗ್ಗಿಗೆ ಹಾಕುವ ಅಡಾಪ್ಟರಿನ ಮಾತು ಬೇರೆ. ಅದರಲ್ಲಿ ಕೆಟ್ಟಿರುವುದು ಯಾವ ಕಡೆ ಅನ್ನುವುದು ಮುಖ್ಯ.

ವೈರ್ ಕುತ್ತಿಗೆಯ ಹತ್ತಿರ ತುಂಡಾಗಿದ್ದರೆ ರಿಪೇರಿ ಮಾಡಿಸಿ. ಪಿನ್ ಸಡಿಲವಾಗಿದ್ದರೆ ಮಾಡಿಸಿ. ಬೆಸುಗೆ ಬಿಟ್ಟು ಡ್ರೈ ಸೋಲ್ಡರ್ ಆಗಿದ್ದರೆ ಮಾಡಿಸಿ. ಸೆಟ್‌ಟಾಪ್ ಬಾಕ್ಸ್ ಹತ್ತಿ ಹತ್ತಿ ಆರುತ್ತಿದ್ದರೆ ಬಹಳ ಸಲ ಅಡಾಪ್ಟರಿನ ಔಟ್‌ಪುಟ್ ಕೆಪಾಸಿಟರ್ ತಲೆ ಉಬ್ಬಿಸಿಕೊಂಡಿರುತ್ತದೆ. ಹತ್ತಿಪ್ಪತ್ತು ರೂಪಾಯಿಯ ಮಾಲು, ಹತ್ತು ನಿಮಿಷದ ಕೆಲಸ. ಖಂಡಿತ ಮಾಡಿಸಿ.

ಆದರೆ ಒಳಗಿನ ಬೋರ್ಡ್ ಕಪ್ಪಾಗಿದ್ದರೆ, ಐಸಿ ಸಿಡಿದಿದ್ದರೆ, ಟ್ರಾನ್ಸ್‌ಫಾರ್ಮರ್ ಸುಟ್ಟ ವಾಸನೆ ಬಂದರೆ ಆ ಅಡಾಪ್ಟರಿಗೆ ಮಣ್ಣು ಕೊಡಿ. ಹೆಸರಿಲ್ಲದ ಅಗ್ಗದ ಅಡಾಪ್ಟರಿನಲ್ಲಿ ನಕಲಿ ಐಸಿ ಕಿತ್ತು ಇನ್ನೊಂದು ಹಾಕಿದರೂ, ಆ ಇನ್ನೊಂದು ಅಸಲಿ ಅನ್ನುವ ಭರವಸೆ ಇಲ್ಲ. ಮೇಲಾಗಿ ಎರಡು ಊರುಗಳ ನಡುವೆ ಇರಬೇಕಾದ ಅಂತರ ಆ ಬೋರ್ಡಿನಲ್ಲಿ ಹುಟ್ಟುವಾಗಲೇ ಇರುವುದಿಲ್ಲ. ಸುರಕ್ಷತೆಯ ನೀಲಿ ಕೆಪಾಸಿಟರಿನ ಜಾಗದಲ್ಲಿ ಮಾಮೂಲಿ ಕೆಪಾಸಿಟರ್ ಹಾಕಿರುತ್ತಾರೆ. ಅದು ಶಾರ್ಟ್ ಆದ ದಿನ 230 ವೋಲ್ಟ್ ನೇರ ನಿಮ್ಮ ಕೈಯಲ್ಲಿರುವ ಮೊಬೈಲಿಗೆ ಬರುತ್ತದೆ. ಇದನ್ನು ಯಾವ ಮೆಕ್ಯಾನಿಕ್ಕೂ ಸರಿಮಾಡಲಾರ.

ಎಲ್ಲಕ್ಕಿಂತ ಕೆಟ್ಟ ರಿಪೇರಿ ಒಂದಿದೆ. ಅಡಾಪ್ಟರಿನ ಬಾಗಿಲಲ್ಲೇ ಫ್ಯೂಸಿನಂತೆ ಕೆಲಸ ಮಾಡುವ ಒಂದು ರೆಸಿಸ್ಟರ್ ಇರುತ್ತದೆ. ಅದು ಸುಟ್ಟಾಗ ಆ ಜಾಗಕ್ಕೆ ಒಂದು ಎಳೆ ತಂತಿ ಬೆಸೆದು ಕೊಡುವುದು. ಮನೆಯ ಬೋರ್ಡಿನ ಫ್ಯೂಸಿಗೆ ದಪ್ಪ ತಂತಿ ಸುತ್ತಿದ ಹಾಗೇ ಇದು. ಮುಂದಿನ ಸಲ ಶಾರ್ಟ್ ಆದಾಗ ತಡೆಯುವವರು ಯಾರೂ ಇರುವುದಿಲ್ಲ. ಒಳ್ಳೆಯ ರಿಪೇರಿಯವರು ಮೊದಲು ಅಡಾಪ್ಟರನ್ನು ಸೀರೀಸ್ ಬಲ್ಬಿಗೆ ಹಾಕಿ ನೋಡುತ್ತಾರೆ. ಬಲ್ಬು ಜೋರಾಗಿ ಉರಿದರೆ ಒಳಗೆ ಶಾರ್ಟ್ ಇದೆ ಅಂತ ಅರ್ಥ. ನಿಮ್ಮ ಊರಿನವರು ಹಾಗೆ ಮಾಡುತ್ತಾರಾದರೆ ಅವರು ನಂಬಿಕಸ್ಥರು.

ಒಂದು ಎಚ್ಚರಿಕೆ. ಇದನ್ನು ಓದಿ ಮನೆಯಲ್ಲಿ ನೀವೇ ಬಿಚ್ಚಲು ಹೋಗಬೇಡಿ. ಪ್ಲಗ್ಗಿನಿಂದ ತೆಗೆದ ಮೇಲೂ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೇಲಿನ ಕರೆಂಟ್ ಸ್ವಲ್ಪ ಹೊತ್ತು ಉಳಿದಿರುತ್ತದೆ. ಇನ್ನೊಂದು: ಎರಡು ಪಿನ್ನಿನ ಒಳ್ಳೆಯ ಚಾರ್ಜರಿನಲ್ಲೂ ಲೋಹದ ಮೈ ಮುಟ್ಟಿದಾಗ ಸಣ್ಣಗೆ ಜುಮ್ ಅನ್ನುವುದುಂಟು. ಆದರೆ ಕೈ ಕೊಡವುವಂತೆ ಹೊಡೆದರೆ ಆ ಕ್ಷಣವೇ ಅದನ್ನು ಬಿಟ್ಟುಬಿಡಿ. ಕೈಯಲ್ಲಿ ಹಿಡಿದು ಎಳೆಯಬೇಡಿ, ಮೊದಲು ಸ್ವಿಚ್ ಆರಿಸಿ.

'ದುಡ್ಡು ಎಲ್ಲೈತಪ್ಪಾ?'

ಇಷ್ಟೆಲ್ಲ ಹೇಳಿದರೆ ಮನೆಯಲ್ಲಿ ಅವ್ವ, ದೊಡ್ಡಪ್ಪ ಕೇಳುವ ಮೊದಲ ಮಾತು ಇದು. ನ್ಯಾಯವಾದ ಮಾತು. ಒಂದು ಲೆಕ್ಕ ಹಾಕೋಣ. 130 ರೂಪಾಯಿಯದು ವರ್ಷಕ್ಕೆ ಮೂರು ಬಂದರೆ 390. ಜೊತೆಗೆ ಒಂದು ಬ್ಯಾಟರಿ ಕೊಂದರೆ 800. ಒಟ್ಟು 1,190. ಒಂದು ಸಂಜೆಯ ಔಷಧಿ, ಒಂದಾಳಿನ ಕೂಲಿ ಇನ್ನೂ ಸೇರಿಸಿಲ್ಲ. 400 ರೂಪಾಯಿಯ ನೆಟ್ಟಗಿನ ಚಾರ್ಜರ್ ಇದಕ್ಕಿಂತ ಅಗ್ಗ.

ಹೊಸದು ಕೊಳ್ಳಲು ಆಗದಿದ್ದರೆ ಇನ್ನೊಂದು ದಾರಿ ಇದೆ. ಕೆಟ್ಟುಹೋದ ಒಳ್ಳೆಯ ಕಂಪನಿಯ ವಸ್ತುವಿನ ಹಳೆಯ ಅಡಾಪ್ಟರ್, ಜಾತ್ರೆಯ ಹೊಸ ಅಡಾಪ್ಟರಿಗಿಂತ ಎಷ್ಟೋ ಮೇಲು. ಮೂರು ನೋಡಿಕೊಳ್ಳಿ. ವೋಲ್ಟ್ ಅಷ್ಟೇ ಇರಬೇಕು. ವೈಫೈ ಡಬ್ಬಿಗೆ 9 ವೋಲ್ಟ್ ಬೇಕಿದ್ದರೆ ಸೆಟ್‌ಟಾಪ್ ಬಾಕ್ಸಿನ 12 ವೋಲ್ಟಿನದು ಹಾಕಬಾರದು, ಪಿನ್ ಕೂತರೂ ಹಾಕಬಾರದು. ಆಂಪಿಯರ್ ಅಷ್ಟೇ ಇರಬಹುದು ಅಥವಾ ಹೆಚ್ಚಿರಬಹುದು, ಕಡಿಮೆ ಇರಬಾರದು. ಪಿನ್ನಿನ ಒಳಗೆ ಪ್ಲಸ್, ಹೊರಗೆ ಮೈನಸ್ ಅನ್ನುವ ಚಿತ್ರ ಎರಡರ ಮೇಲೂ ಒಂದೇ ಥರ ಇರಬೇಕು. ಔಷಧಿ ಪಂಪಿಗೆ ಮಾತ್ರ ಬರೀ ಅಡಾಪ್ಟರ್ ನಡೆಯದು. ಬ್ಯಾಟರಿ ಚಾರ್ಜರ್ ಅಂತಲೇ ಮಾಡಿದ್ದು ಬೇಕು.

ಕಾನೂನು ಇದೆ, ನಮ್ಮ ಸಂತೆಗೆ ಬಂದಿಲ್ಲ

ಕೇಂದ್ರ ಸರ್ಕಾರ 2012ರಲ್ಲೇ ಎಲೆಕ್ಟ್ರಾನಿಕ್ ವಸ್ತುಗಳ ಕಡ್ಡಾಯ ನೋಂದಣಿ ಆದೇಶ ಹೊರಡಿಸಿದೆ. ಕಂಪ್ಯೂಟರ್ ಮುಂತಾದ ಉಪಕರಣಗಳ ಅಡಾಪ್ಟರುಗಳು 2014ರಲ್ಲಿ ಬಂದ ಅದರ ಎರಡನೇ ಪಟ್ಟಿಯಲ್ಲಿ ಸೇರಿದವು. ನೋಂದಣಿಯಾದ ಅಡಾಪ್ಟರಿನ ಮೇಲೆ ಭಾರತೀಯ ಮಾನಕ ಬ್ಯೂರೋದ ಗುರುತು, 'ಆರ್' ಅನ್ನುವ ಇಂಗ್ಲಿಷ್ ಅಕ್ಷರ, ಮುಂದೆ ಎಂಟು ಅಂಕಿ ಇರುತ್ತದೆ. ಫೋನಿನಲ್ಲಿ 'ಬಿಐಎಸ್ ಕೇರ್' ಆ್ಯಪ್ ಹಾಕಿಕೊಂಡು ಆ ನಂಬರ್ ಬರೆದರೆ ತಯಾರಕರ ಹೆಸರು ಬರುತ್ತದೆ. ಡಬ್ಬಿಯ ಮೇಲಿನ ಹೆಸರೂ ಆ್ಯಪಿನಲ್ಲಿ ಬಂದ ಹೆಸರೂ ಒಂದೇ ಆಗಿರಬೇಕು. ನಂಬರನ್ನೂ ನಕಲು ಮಾಡುವವರಿದ್ದಾರೆ, ಅದಕ್ಕೇ ಹೆಸರು ಹೊಂದಿಸಿ ನೋಡಿ ಅನ್ನುತ್ತಿದ್ದೇವೆ. ಇದಕ್ಕೆ ಎರಡು ನಿಮಿಷ ಸಾಕು. ಬಿಲ್ ಇದ್ದು ಮೋಸವಾಗಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಪೋರ್ಟಲ್ ಶುರು ಮಾಡಿತು. ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್ ಅದರಲ್ಲಿವೆ. ಒಳ್ಳೆಯದೇ. ಆದರೆ ಅದು ಹೆಸರಿರುವ ಕಂಪನಿಗಳ ಸರಕಿಗೆ. 130 ರೂಪಾಯಿಯ ಅಡಾಪ್ಟರಿಗೆ ಅಪ್ಪ ಅಮ್ಮ ಯಾರೂ ಇಲ್ಲ. ಯಾರನ್ನು ಕೇಳುವುದು?

ನಾವು ಕೇಳುವುದು ಇಷ್ಟು

ಅಂಗಡಿಯವರಲ್ಲಿ: ಅಣ್ಣಾ, ಅಗ್ಗದ್ದೂ ಇಡಿ, ಆದರೆ ನೋಂದಣಿ ನಂಬರ್ ಇರುವುದನ್ನೇ ಇಡಿ. ಚೀಟಿಯಾದರೂ ಸರಿ, ಬಿಲ್ ಕೊಡಿ. ನೀವು ಬಿಲ್ ಕೊಟ್ಟರೆ ನಿಮಗೆ ಸರಕು ಕೊಟ್ಟವರನ್ನು ನೀವೂ ಕೇಳಬಹುದು.

ರಿಪೇರಿಯವರಲ್ಲಿ: ಆಗದ್ದನ್ನು ಆಗದು ಅನ್ನಿ. ಆಗದ ಅಡಾಪ್ಟರಿನ ಪಿನ್ ಕತ್ತರಿಸಿಯೇ ಕೊಡಿ, ಇಲ್ಲದಿದ್ದರೆ ಅದು ಇನ್ನೊಂದು ಮನೆಯ ಪ್ಲಗ್ಗಿಗೆ ಹೋಗುತ್ತದೆ. ನೋಡಿ ಹೇಳಿದ್ದಕ್ಕೆ ಇಪ್ಪತ್ತು ರೂಪಾಯಿ ತಗೊಳ್ಳಿ. ಓದುಗರೇ, ನೀವೂ ಕೊಡಿ. 'ರಿಪೇರಿ ಮಾಡಲೇ ಇಲ್ಲ, ದುಡ್ಡೇಕೆ' ಅನ್ನಬೇಡಿ. ಅವರು ಬೇಡ ಅಂದದ್ದರಿಂದಲೇ ನಿಮ್ಮ ಮನೆ ಉಳಿದಿರಬಹುದು.

ಅಧಿಕಾರಿಗಳಲ್ಲಿ: ಕೊಟ್ಟೂರು ತೇರು, ಮೈಲಾರ ಜಾತ್ರೆ, ನಮ್ಮ ನಾರದಮುನಿ ಜಾತ್ರೆಗಳಲ್ಲಿ ತಿಂಡಿ ಅಂಗಡಿ ನೋಡಿದ ಹಾಗೆ ಅಡಾಪ್ಟರ್ ಅಂಗಡಿಯನ್ನೂ ನೋಡಿ. ಆದರೆ ಗೋಣಿಚೀಲ ಹಾಸಿ ಮಾರುವ ಬಡವನ ಸರಕು ಕಿತ್ತು ಫೋಟೋ ತೆಗೆಸಿಕೊಂಡು ಹೋಗಬೇಡಿ. ಅವನಿಗೆ ಸಗಟು ಕೊಟ್ಟವನ ಗೋದಾಮು ಯಾವುದು ಅಂತ ಕೇಳಿ, ಅಲ್ಲಿಗೆ ಹೋಗಿ. ತಾಲ್ಲೂಕಿನ ಐಟಿಐಗಳಲ್ಲಿ ಹಳ್ಳಿ ರಿಪೇರಿಯವರಿಗೆ ಭಾನುವಾರದ ತರಬೇತಿ ಇಡಿ. ಅಸಲಿ ಬಿಡಿಭಾಗ ಒಟ್ಟಿಗೆ ತರಿಸಿಕೊಡುವ ವ್ಯವಸ್ಥೆ ಮಾಡಿ. ಒಬ್ಬರೇ ಹತ್ತು ಐಸಿ ತರಿಸಿದರೆ ಸಾಗಣೆ ಖರ್ಚೇ ಮೈಮೇಲೆ ಬರುತ್ತದೆ, ಆಗ ಕೈಗೆ ಸಿಕ್ಕ ನಕಲಿಯೇ ಗತಿ.

ಪಂಚಾಯ್ತಿಯಲ್ಲಿ: ಸತ್ತ ಅಡಾಪ್ಟರ್, ವೈರ್, ಬ್ಯಾಟರಿ ಹಾಕಲು ಕಸದ ಘಟಕದಲ್ಲಿ ಬೇರೆ ಡಬ್ಬಿ ಇಡಿ. ತಿಪ್ಪೆಗೆ ಬಿದ್ದದ್ದು ಸುಟ್ಟು ಹೊಗೆಯಾಗುತ್ತದೆ. ಗುಜರಿಗೆ ಹೋದದ್ದರ ಐಸಿ ಕಾಲು ತೊಳೆದುಕೊಂಡು ಮತ್ತೆ ನಮ್ಮೂರಿಗೇ ಹೊಸದಾಗಿ ಬರಬಹುದು.

ಆ ಮನೆಯವರು ಈಗ ಹೊಸ ಚಾರ್ಜರ್ ತಂದಿದ್ದಾರೆ. ನಂಬರ್ ನೋಡಿ, ಬಿಲ್ ತೆಗೆದುಕೊಂಡೇ ತಂದದ್ದು. ಹಳೆಯದರ ಪಿನ್ ಕತ್ತರಿಸಿ ಹಟ್ಟಿಯ ಗೂಟಕ್ಕೆ ನೇತುಹಾಕಿದ್ದಾರೆ. ಯಾಕೆ ಅಂತ ಕೇಳಿದರೆ, ಮುಂದಿನ ಜಾತ್ರೆಗೆ ಹೋಗುವಾಗ ಕಣ್ಣಿಗೆ ಬೀಳಲಿ ಅಂತ ಅಂದರು.

ಇವತ್ತು ಸಂಜೆ ಒಂದು ಕೆಲಸ ಮಾಡಿ. ನಿಮ್ಮ ಮನೆಯ ಅಡಾಪ್ಟರುಗಳನ್ನೆಲ್ಲ ಪ್ಲಗ್ಗಿನಿಂದ ತೆಗೆದು ಚಾಪೆಯ ಮೇಲೆ ಸಾಲಾಗಿ ಇಟ್ಟು, ಎಷ್ಟಕ್ಕೆ ನಂಬರ್ ಇದೆ ಎಣಿಸಿ. ನಂಬರ್ ಇಲ್ಲದ್ದನ್ನು ರಾತ್ರಿ ಮಲಗುವಾಗ ಹಾಸಿಗೆಯ ಹತ್ತಿರ ಚಾರ್ಜಿಗೆ ಹಾಕಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಮುಂದಿನ ಸಂತೆಯಲ್ಲಿ ಒಂದೊಂದಾಗಿ ಬದಲಿಸುತ್ತ ಬನ್ನಿ.